ಬದಲಾಗದ ಮೊಣಕಾಲು, ಬದಲಾದ ಕಾರ್ಡುಗಳು

ಕಂಪ್ಯೂಟರಿನ ದಾಖಲೆಯ ಪ್ರಕಾರ ಆಕೆಯ ಬಲ ಮೊಣಕಾಲಿಗೆ ಲೋಹದ ಕೀಲು ಕೂರಿಸಿಯಾಗಿತ್ತು. ಶಸ್ತ್ರಚಿಕಿತ್ಸೆ ನಡೆದದ್ದು ಆಕೆ ಹೆಸರೇ ಕೇಳಿರದ ದೂರದ ಊರೊಂದರ ಆಸ್ಪತ್ರೆಯಲ್ಲಿ. ಆಕೆ ಮಾತ್ರ ಬಿ.ಸಿ. ರೋಡಿನ ನನ್ನ ಕಚೇರಿಯಲ್ಲಿ, ನನ್ನೆದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಸೀರೆಯನ್ನು ಮೊಣಕಾಲಿನ ತನಕ ಸರಿಸಿ ತೋರಿಸುತ್ತಿದ್ದರು.

"ನೋಡಿ, ಹೊಲಿಗೆ ಎಲ್ಲಿ ಉಂಟು? ಒಂದು ಗೀರು ಕೂಡ ಇಲ್ಲ. ಎದೆ ನೋಡಿ ಅಂತ ಹೋದ್ರೆ ಇವರು ಕಾಲು ನೋಡ್ತಾರೆ ಮಾರಾಯ್ತಿ."

"ಅಮ್ಮಾ, ಸೀರೆ ಬಿಡಿ. ಮೇಡಂಗೆ ಕಂಡಾಯ್ತು" ಎಂದಳು ಪಕ್ಕದಲ್ಲಿದ್ದ ಮಗಳು. ಅವಳು ಉಜಿರೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ರಜೆ ಹಾಕಿ ಬಂದಿದ್ದಳು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ತಾಲೂಕುಗಳ ಸರಕಾರಿ ಆರೋಗ್ಯ ವಿಮೆ ಕಾರ್ಡುಗಳ ಉಸ್ತುವಾರಿ ಆಗ ನನ್ನದಾಗಿತ್ತು. ತಾಯಿ ಮಗಳು ಕಕ್ಕಿಂಜೆಯವರು. ತಾಯಿಯ ಹೃದಯದ ಕವಾಟವೊಂದು ಕೆಟ್ಟಿತ್ತು. ಮಂಗಳೂರಿನ ಆಸ್ಪತ್ರೆ ಮುಂದಿನ ಸೋಮವಾರ ದಾಖಲಾಗಲು ಹೇಳಿತ್ತು, ಇನ್ನು ತಡ ಮಾಡುವಂತಿಲ್ಲ ಎಂದೂ ಹೇಳಿತ್ತು. ಆದರೆ ಅಲ್ಲಿನ ವಿಮೆ ಕೌಂಟರಿನಲ್ಲಿ ಕಾರ್ಡು ಒಪ್ಪಲಿಲ್ಲ. ಈ ವರ್ಷದ ಮಿತಿ ಮೊಣಕಾಲಿಗೇ ಮುಗಿದುಹೋಗಿತ್ತು. ಅದಕ್ಕಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ರಕ್ತದ ಗುಂಪು. ದಾಖಲೆಯಲ್ಲಿದ್ದದ್ದು ಒಂದು, ಮಂಗಳೂರಿನಲ್ಲಿ ಪರೀಕ್ಷಿಸಿದಾಗ ಸಿಕ್ಕಿದ್ದು ಇನ್ನೊಂದು. ಯಾರೋ ಅಪರಿಚಿತರು ಈಕೆಯ ಹೆಸರಿನಲ್ಲಿ ಮಲಗಿ ಎದ್ದು ಹೋಗಿದ್ದರು. ಅವರ ರಕ್ತದ ಗುರುತು ಈಕೆಯ ಖಾತೆಯಲ್ಲಿ ಉಳಿದಿತ್ತು.

ಮೊದಲು ಆಕೆಯ ಗುರುತನ್ನು ದೃಢಪಡಿಸಿಕೊಳ್ಳಬೇಕಿತ್ತು. ಬೆರಳಚ್ಚಿನ ಯಂತ್ರವನ್ನು ಮುಂದಿಟ್ಟೆ. ಹೆಬ್ಬೆರಳು ಇಟ್ಟರು, ಕೆಂಪು ದೀಪ. ತೋರುಬೆರಳು, ಮತ್ತೆ ಕೆಂಪು.

"ನನ್ನ ಬೆರಳು ಯಾವತ್ತೂ ಆಗುದಿಲ್ಲ. ರೇಷನ್ ಅಂಗಡಿಯಲ್ಲೂ ಇದೇ ಕತೆ" ಎಂದರು ಆಕೆ, ಬೆರಳುಗಳನ್ನು ನನ್ನ ಕಡೆ ಚಾಚಿ. ತುದಿಗಳು ಬಳಪದ ಕಲ್ಲಿನಷ್ಟು ನುಣ್ಣಗಿದ್ದವು. ಹದಿಹರೆಯದಿಂದ ಬೀಡಿ ಕಟ್ಟಿದ ಕೈ.

ಬೆರಳಚ್ಚು ಸಿಗದವರಿಗೆ, ಆಕೆಯ ಬಳಿಯಿದ್ದಂಥ ಹಳೆಯ ಮಾದರಿಯ ಕಾರ್ಡಿನಲ್ಲಿ ಇನ್ನೊಂದು ದಾರಿ ಇತ್ತು. ನೋಂದಾಯಿಸಿದ ಮೊಬೈಲಿಗೆ ಬರುವ ಒಟಿಪಿ ಹೇಳಿದರೆ ಸಾಕು. ಗುಂಡಿ ಒತ್ತಿದೆ. ಮಗಳು ತನ್ನ ಫೋನು ನೋಡಿದಳು. ಏನೂ ಬರಲಿಲ್ಲ. ನಾನು ನಂಬರಿನ ಕೊನೆಯ ಅಂಕಿಗಳನ್ನು ಓದಿದೆ.

"ಓ, ಅದು ಬ್ರಾಂಚಿನ ಅಣ್ಣನದ್ದು" ಎಂದರು ತಾಯಿ, ಅದರಲ್ಲೇನು ವಿಶೇಷ ಎಂಬಂತೆ. "ನಮ್ಮದೆಲ್ಲ ಅದೇ ನಂಬರ್."

ಮನೆಯಲ್ಲಿ ಕಟ್ಟಿದ ಬೀಡಿಯನ್ನು ಹೆಂಗಸರು ಒಯ್ದು ಒಪ್ಪಿಸಿ, ಎಲೆ ಮತ್ತು ಹೊಗೆಸೊಪ್ಪು ತರುವ ಜಾಗಕ್ಕೆ ನಮ್ಮಲ್ಲಿ ಬ್ರಾಂಚು ಎನ್ನುತ್ತಾರೆ. ಅದನ್ನು ನಡೆಸುವವರಿಗೆ ಫೋನು ಮಾಡಿದೆ.

"ನಮಸ್ಕಾರ, ಆರೋಗ್ಯ ಕಾರ್ಡಿನ ಕಚೇರಿಯಿಂದ..."

"ಹಾಂ ಮೇಡಂ, ಬಂತು ಬಂತು. ಬರ್ಕೊಳ್ಳಿ." ಆರೂ ಅಂಕಿಗಳನ್ನು ಒಂದೊಂದಾಗಿ, ನಿಧಾನವಾಗಿ ಹೇಳಿದರು. ಮತ್ತೊಮ್ಮೆ ಹೇಳಿದರು. "ಸರಿ ಉಂಟಲ್ಲ? ಇನ್ನು ಯಾರದ್ದಾದ್ರೂ ಬೇಕಾ?"

ನಾನು ಯಾರು ಎಂದು ಅವರು ಕೇಳಲೇ ಇಲ್ಲ.

ಮಧ್ಯಾಹ್ನದ ಬಸ್ಸಿಗೆ ತಾಯಿ ಮಗಳ ಜೊತೆಯಲ್ಲೇ ಕಕ್ಕಿಂಜೆಗೆ ಹೋದೆ. ಬ್ರಾಂಚಿನ ಅಣ್ಣ ಅರುವತ್ತು ದಾಟಿದ, ಅಂಗಿಯ ಜೇಬಿನಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡ ಮನುಷ್ಯ. ಕಾರ್ಡು ಮಾಡಿಸಿದ ಕಾಲಕ್ಕೆ ಹೆಂಗಸರ ಹತ್ತಿರ ಫೋನಿರಲಿಲ್ಲವಂತೆ. ಫೋನಿಲ್ಲದಿದ್ದರೆ ಕಾರ್ಡಿಲ್ಲ ಎಂದು ಶಿಬಿರದವರು ಹೇಳಿದಾಗ ಇವರು ತಮ್ಮ ನಂಬರನ್ನೇ ಎಲ್ಲರಿಗೂ ಬರೆಸಿದ್ದರು. ಆಮೇಲೆ ಕರೆಗಳು ಬರತೊಡಗಿದವು.

"ಒಳ್ಳೆ ಮಾತಾಡುವ ಜನ ಮೇಡಂ. ಅಣ್ಣಾ ಅಂತಲೇ ಕರೀತಾನೆ. ಇಂಥವರ ಕಾರ್ಡ್ ನವೀಕರಣಕ್ಕೆ ಬಂದಿದೆ, ನಂಬರ್ ಹೇಳಿ ಅಂತಾನೆ. ಪಾಪ, ಹೆಂಗಸರು ಬಸ್ಸಿಗೆ ದುಡ್ಡು ಹಾಕಿ ಕಚೇರಿಗೆ ಅಲೆಯುದು ಬೇಡ ಅಂತ ನಾನು ಹೇಳ್ತಿದ್ದೆ."

ಕಾರ್ಡಿನ ಪೂರ್ತಿ ಸಂಖ್ಯೆ ಹಾಗೆ ಕರೆ ಮಾಡುವವನಿಗೆ ಸಿಗುವುದು ಕಷ್ಟವಿರಲಿಲ್ಲ. ಹಳೆಯ ಕಾರ್ಡಿನ ಮುಖದ ಮೇಲೆಯೇ ಅದು ದೊಡ್ಡದಾಗಿ ಅಚ್ಚಾಗಿತ್ತು, ಮತ್ತು ಅದರ ಜೆರಾಕ್ಸ್ ಪ್ರತಿಗಳನ್ನು ಜನ ಕೇಳಿದವರಿಗೆಲ್ಲ ಕೊಟ್ಟಿದ್ದರು. ಉಳಿದದ್ದು ಒಟಿಪಿ ಮಾತ್ರ. ಅದನ್ನು ಅಣ್ಣ ಕೊಟ್ಟಿದ್ದರು. ನಾನು ಮೊಣಕಾಲಿನ ವಿಷಯ ಹೇಳಿದೆ.

ಅವರು ಆಕೆಯ ಕಾಲನ್ನು ನೋಡಿದರು. "ಅಂದ್ರೆ ಇವಳ ಕಾಲನ್ನು ಕೊಟ್ಟದ್ದು ನಾನಾ?"

"ಕಾಲು ಇಲ್ಲೇ ಉಂಟು ಅಣ್ಣ, ಅದರಲ್ಲೇ ಬಂದದ್ದು" ಎಂದರು ಆಕೆ. ಆದರೆ ಹೇಳಿ ಮುಗಿಸುವಷ್ಟರಲ್ಲಿ ಏದುಸಿರು ಬಂದು ಗೋಡೆ ಹಿಡಿದು ನಿಂತರು.

ಅಲ್ಲಿಂದಲೇ ನನ್ನ ಮೇಲಧಿಕಾರಿಗೆ ಕರೆ ಮಾಡಿದೆ. ಅವರು ವಿಷಯ ಕೇಳಿ, ಒಂದು ಫೋನ್ ನಂಬರಿಗೆ ಅನೇಕ ಮನೆಗಳ ಕಾರ್ಡು ಅಂಟಿಕೊಂಡಿರುವ ಜಾಗಗಳನ್ನೆಲ್ಲ ಹುಡುಕಿಸಿದರು. ಕಕ್ಕಿಂಜೆಯಂತೆಯೇ ಫರಂಗಿಪೇಟೆಯ ಬಳಿ ಒಂದು, ಮಿಜಾರಿನ ಬಳಿ ಒಂದು ಸಿಕ್ಕಿತು. ಎರಡೂ ಬೀಡಿ ಬ್ರಾಂಚುಗಳೇ. ಪೊಲೀಸರಿಗೆ ದೂರು ಹೋಯಿತು. ಮೇಲಿನಿಂದ ಬಂದ ಸೂಚನೆ ಸರಳವಾಗಿತ್ತು: ಈ ಮೂರೂ ನಂಬರುಗಳ ಎಲ್ಲ ಕಾರ್ಡುಗಳನ್ನು ತಕ್ಷಣ ರದ್ದು ಮಾಡಿ, ಪಂಚಾಯತಿನಲ್ಲಿ ಶಿಬಿರ ನಡೆಸಿ ಹೊಸ ಅರ್ಜಿ ಪಡೆಯಿರಿ.

ಸೂಚನೆ ತಪ್ಪೇನೂ ಆಗಿರಲಿಲ್ಲ. ಕಳ್ಳ ಒಳಗಿರುವಾಗ ಬಾಗಿಲು ಹಾಕಬೇಕು. ಆದರೆ ಹೊಸ ಅರ್ಜಿ ಪಾಸಾಗಿ ಕಾರ್ಡು ಬರುವಷ್ಟರಲ್ಲಿ ಕಕ್ಕಿಂಜೆಯ ಈ ತಾಯಿಯ ಸೋಮವಾರ ಕಳೆದುಹೋಗುತ್ತಿತ್ತು. ಡಯಾಲಿಸಿಸ್‌ಗೆ ಹೋಗುವವರೂ ಆ ಕಾರ್ಡುಗಳಲ್ಲಿ ಇದ್ದರು. ನಾನು ಸಾಮಾನ್ಯವಾಗಿ ಮೇಲಿನವರ ಮಾತಿಗೆ ಎದುರು ಹೇಳುವವಳಲ್ಲ. ಅಂದು ಹೇಳಿದೆ.

"ಸರ್, ರದ್ದು ಮಾಡುದು ಬೇಡ. ಜಿಲ್ಲೆಯ ಹೊರಗಿನ ಆಸ್ಪತ್ರೆಗಳಿಗೆ ಮಾತ್ರ ತಡೆ ಹಾಕುವ. ಕಳ್ಳ ಕ್ಲೇಮುಗಳೆಲ್ಲ ಹೊರಗಿನವು. ರದ್ದಾಗದ ಕಾರ್ಡಿಗೆ ಬದಲಿಯನ್ನು ಶಿಬಿರದಲ್ಲೇ ಅಚ್ಚು ಹಾಕ್ಲಿಕ್ಕೆ ಆಗ್ತದೆ, ಹೊಸದು ಕೈಗೆ ಕೊಟ್ಟ ಮೇಲೆ ಹಳೆಯದನ್ನು ಅಲ್ಲೇ, ಆಗಲೇ ಮುಚ್ಚುವ."

"ನಡುವೆ ಜಿಲ್ಲೆಯ ಒಳಗೇ ಒಂದು ಕಳ್ಳ ಕ್ಲೇಮ್ ಬಂದ್ರೆ?"

"ಅಂಥದ್ದು ಪ್ರತಿಯೊಂದನ್ನೂ ನಾನೇ ಫೋನ್ ಮಾಡಿ ನೋಡ್ತೇನೆ."

"ಬರೆದು ಕೊಡಿ. ಜವಾಬ್ದಾರಿ ನಿಮ್ಮ ಹೆಸರಿಗೆ." ಬರೆದು ಕೊಟ್ಟೆ.

ಈ ತಾಯಿಗೆ ಹೊಸ ಕಾರ್ಡು ಮಾಡಿಕೊಟ್ಟರಷ್ಟೇ ಸಾಕಾಗುತ್ತಿರಲಿಲ್ಲ. ಸಂಖ್ಯೆ ಬದಲಾದರೂ ಹಿಂದಿನ ದಾಖಲೆ ಅದರ ಹಿಂದೆಯೇ ಬರುತ್ತದೆ. ಮೊಣಕಾಲು, ಮುಗಿದ ಮಿತಿ, ಬೇರೆಯವರ ರಕ್ತ ಎಲ್ಲವೂ. ಅದನ್ನು ತೆಗೆಸಲು ವಿಚಾರಣೆ ನಡೆಯಬೇಕು. ಆ ದೂರದ ಆಸ್ಪತ್ರೆಗೆ ಪತ್ರ, ಅವರ ಉತ್ತರ, ಉತ್ತರಕ್ಕೆ ಪ್ರಶ್ನೆ, ತಿಂಗಳುಗಳ ಮಾತು. ಹಿಂದಿರುಗುವ ಬಸ್ಸಿನಲ್ಲಿ ನನಗೆ ಹೊಳೆದದ್ದು ಇಷ್ಟೇ: ಶಸ್ತ್ರಚಿಕಿತ್ಸೆ ಆಗಿದೆಯೇ ಎಂದು ಆಸ್ಪತ್ರೆಯನ್ನು ಯಾಕೆ ಕೇಳಬೇಕು, ಮೊಣಕಾಲನ್ನೇ ಕೇಳಬಹುದಲ್ಲ.

ಮರುದಿನ ಬೆಳಿಗ್ಗೆ ಬೆಳ್ತಂಗಡಿಯ ಸರಕಾರಿ ಆಸ್ಪತ್ರೆಯಲ್ಲಿ ಆಕೆಯ ಎರಡೂ ಮೊಣಕಾಲುಗಳ ಎಕ್ಸ್-ರೇ ತೆಗೆಸಿದೆ. ತಂತ್ರಜ್ಞರು ವಿಷಯ ಕೇಳಿ ಫಿಲ್ಮನ್ನು ಬೆಳಕಿಗೆ ಹಿಡಿದರು.

"ಸ್ಟೀಲು ಬಿಡಿ, ಒಂದು ಮೊಳೆ ಕೂಡ ಇಲ್ಲ. ದೇವರು ಕೊಟ್ಟ ಎಲುಬೇ. ಸ್ವಲ್ಪ ಸವೆದಿದೆ ಅಷ್ಟೆ."

"ಸವೆಯದೆ ಇರ್ತದಾ? ಇಷ್ಟು ವರ್ಷ ಚಕ್ಕಳಬಕ್ಕಳ ಹಾಕಿ ಕೂತದ್ದು" ಎಂದರು ಆಕೆ ಹೆಮ್ಮೆಯಿಂದ.

ವೈದ್ಯರು ಆಕೆಯ ಗುರುತಿನ ಮಚ್ಚೆಯನ್ನು ನೋಡಿ, ಮೊಣಕಾಲಿನಲ್ಲಿ ಯಾವ ಶಸ್ತ್ರಚಿಕಿತ್ಸೆಯೂ ನಡೆದಿಲ್ಲ ಎಂದು ಬರೆದು ಸಹಿ ಹಾಕಿದರು. ರಕ್ತದ ಗುಂಪನ್ನು ಅಲ್ಲಿಯೂ ಪರೀಕ್ಷಿಸಿದರು. ಮಂಗಳೂರಿನ ಫಲಿತಾಂಶವೇ ಬಂತು. ಎಲ್ಲವನ್ನೂ ರಾಜ್ಯ ಕಚೇರಿಗೆ ಕಳುಹಿಸಿದೆ. ಸಂಜೆಗೆ ಉತ್ತರ ಬಂತು. ಸಾಕ್ಷ್ಯ ಒಪ್ಪಬಹುದು, ಸುಳ್ಳು ದಾಖಲೆಯನ್ನು ತೆಗೆಯಬಹುದು. ಆದರೆ ತೆಗೆಯುವುದು ಹೊಸ ಕಾರ್ಡಿನಲ್ಲಿ ಮಾತ್ರ, ಮತ್ತು ಹೊಸ ಕಾರ್ಡಿಗೆ ಒಟಿಪಿ ನಡೆಯುವುದಿಲ್ಲ. ಕಾರ್ಡುದಾರರ ಬೆರಳಚ್ಚು ಆಧಾರಿನಲ್ಲಿರುವುದಕ್ಕೆ ಒಮ್ಮೆಯಾದರೂ ಹೊಂದಲೇಬೇಕು.

ಎಲ್ಲ ಮತ್ತೆ ಆ ನುಣ್ಣಗಿನ ಬೆರಳುಗಳಿಗೆ ಬಂದು ನಿಂತಿತು.

ಗುರುವಾರ ಕಕ್ಕಿಂಜೆಯ ಕಡೆಯವರಿಗೆ ಪಂಚಾಯತಿನ ಸಭಾಂಗಣದಲ್ಲಿ ಶಿಬಿರ ಇಟ್ಟೆವು. ನಾನು, ಯಂತ್ರ ನಡೆಸುವ ಸಹೋದ್ಯೋಗಿ, ಕಾರ್ಡು ಅಚ್ಚು ಹಾಕುವ ಸಣ್ಣ ಪ್ರಿಂಟರು. ಬಂದವರು ಬೆರಳೆಣಿಕೆಯಷ್ಟು ಜನ. ಬಂದವರೂ ಕಾರ್ಡನ್ನು ಕೈಗೆ ಕೊಡಲಿಲ್ಲ. ದೂರದಿಂದ ತೋರಿಸಿ ಮತ್ತೆ ಸೆರಗಿಗೆ ಸೇರಿಸಿದರು. ಸರಕಾರ ಕಾರ್ಡು ವಾಪಸು ತೆಗೆದುಕೊಳ್ಳುತ್ತಿದೆ ಎಂಬ ಸುದ್ದಿ ನಮಗಿಂತ ಮೊದಲೇ ಊರು ತಲುಪಿತ್ತು.

"ಕೊಟ್ಟದ್ದು ವಾಪಸ್ ಬರ್ಲಿಕ್ಕಿಲ್ಲ" ಎಂದರು ಒಬ್ಬರು, ನನಗೆ ಕೇಳಲಿ ಎಂದೇ ಪಕ್ಕದವರಿಗೆ. "ನೋಡ್ಲಿಕ್ಕೆ ಸಾಧು ಹಾಗೆ ಕಾಣ್ತಾಳೆ. ಮಾತೇ ಇಲ್ಲ. ಹೀಗಿದ್ದವರೇ ಕಾರ್ಡು ತಕ್ಕೊಂಡು ಹೋಗುದು."

ನನಗೆ ಹೆಚ್ಚು ಮಾತು ಬರುವುದಿಲ್ಲ ಎಂಬುದು ನಿಜ. ಹೊಸ ಕಾರ್ಡಿನ ವಿಷಯವನ್ನು ಪುಸ್ತಕದ ಕನ್ನಡದಲ್ಲಿ ವಿವರಿಸಿದೆ: ಇದರಲ್ಲಿ ಪೂರ್ತಿ ಸಂಖ್ಯೆ ಕಾಣುವುದಿಲ್ಲ, ಕೊನೆಯ ನಾಲ್ಕು ಅಂಕಿ ಮಾತ್ರ, ಸಂದೇಶ ನಿಮ್ಮದೇ ಫೋನಿಗೆ ಬರುತ್ತದೆ. ಯಾರೂ ತಲೆ ಅಲ್ಲಾಡಿಸಲಿಲ್ಲ. ಧೈರ್ಯ ಮಾಡಿ ಮುಂದೆ ಬಂದವರ ಬೆರಳೂ ಹೊಂದಲಿಲ್ಲ. ಸಹೋದ್ಯೋಗಿ ಒರೆಸಿದರು, ತೊಳೆಸಿದರು, ಯಂತ್ರ ಬದಲಿಸಿದರು. ಹೆಬ್ಬೆರಳು, ತೋರುಬೆರಳು, ಮತ್ತೆ ಹೆಬ್ಬೆರಳು. ಮಧ್ಯಾಹ್ನದ ಹೊತ್ತಿಗೆ ಒಂದೂ ಕಾರ್ಡು ಆಗಿರಲಿಲ್ಲ. ಕವಾಟ ಕೆಟ್ಟ ತಾಯಿ ಗಾಳಿಗೆಂದು ಕಿಟಕಿಯ ಬಳಿ ಕೂತಿದ್ದರು. ಅವರದ್ದೂ ಆಗಲಿಲ್ಲ.

"ಸೋಮವಾರ ಹೋಗುದೋ ಬೇಡವೋ, ಅದೊಂದು ಹೇಳಿ ಮೇಡಂ" ಎಂದಳು ಮಗಳು. "ಬೇಡ ಅಂದ್ರೆ ಆಸ್ಪತ್ರೆಗೆ ಹೇಳ್ಬೇಕು. ಅವರು ಆ ಜಾಗ ಬೇರೆಯವರಿಗೆ ಕೊಡ್ತಾರಂತೆ."

"ನಾಳೆ ಹೇಳ್ತೇನೆ" ಎಂದೆ.

ಆಗ ಕಿಟಕಿಯ ಬಳಿಯ ಆ ತಾಯಿಯ ಕೈಗಳನ್ನು ನೋಡಿದೆ. ಸುಮ್ಮನೆ ಕೂತಿದ್ದರೂ ಅವು ಸುಮ್ಮನಿರಲಿಲ್ಲ. ಇಲ್ಲದ ಎಲೆಯನ್ನು ಸುತ್ತುತ್ತಿದ್ದವು. ನಾನೂ ಶಾಲೆಯ ರಜೆಗಳಲ್ಲಿ ಬೀಡಿ ಕಟ್ಟಿದವಳು. ಅದನ್ನು ಯಾರಿಗೂ ಹೇಳುವ ಸಂದರ್ಭ ಬಂದಿರಲಿಲ್ಲ, ಅಷ್ಟೆ. ಕತ್ತರಿಸಿದ ಎಲೆಯ ಮೇಲೆ ಹೊಗೆಸೊಪ್ಪು ಹರಡಿ ಎರಡೂ ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಸುತ್ತಬೇಕು, ನಡುಬೆರಳು ಆಸರೆ ಕೊಡುತ್ತದೆ, ಹೆಬ್ಬೆರಳ ಉಗುರಿನಿಂದ ತಲೆ ಮಡಚಬೇಕು, ನೂಲು ಕಟ್ಟಬೇಕು. ಕಿರುಬೆರಳು ಮಾತ್ರ ಈ ಕೆಲಸದಲ್ಲಿ ಎಲ್ಲಿಯೂ ಎಲೆಯನ್ನು ಮುಟ್ಟುವುದಿಲ್ಲ. ಅದು ಬದಿಗೆ ಎದ್ದು ನಿಂತಿರುತ್ತದೆ.

ಆಧಾರ್ ಮಾಡಿಸುವಾಗ ಹತ್ತೂ ಬೆರಳುಗಳ ಅಚ್ಚು ತೆಗೆದಿರುತ್ತಾರೆ. ಯಂತ್ರಕ್ಕೆ ಹತ್ತರಲ್ಲಿ ಯಾವುದಾದರೂ ಆದೀತು. ಆದರೆ ರೇಷನ್ ಅಂಗಡಿಯಿರಲಿ, ನಮ್ಮ ಶಿಬಿರವಿರಲಿ, ಎಲ್ಲರೂ ಕೇಳುವುದು ಹೆಬ್ಬೆರಳು, ಅದಾಗದಿದ್ದರೆ ತೋರುಬೆರಳು. ನಾವು ಇಷ್ಟು ವರ್ಷ ಈ ಹೆಂಗಸರಿಂದ ಕೇಳುತ್ತಿದ್ದದ್ದು ಅವರ ಹತ್ತಿರ ಉಳಿದಿರದ ಎರಡು ಬೆರಳುಗಳನ್ನೇ.

"ಎಡಗೈಯ ಕಿರುಬೆರಳು ಇಡಿ" ಎಂದೆ.

ಆಕೆ ನಕ್ಕರು. "ಇದಾ? ಇದು ಎಂತಕ್ಕೂ ಆಗುದಿಲ್ಲ ಮಾರಾಯ್ತಿ."

ಇಟ್ಟರು. ಯಂತ್ರ ಕ್ಷಣ ತಡೆಯಿತು. ಹಸಿರು.

ಸಹೋದ್ಯೋಗಿ ನನ್ನನ್ನು ನೋಡಿದರು, ಯಂತ್ರವನ್ನು ನೋಡಿದರು. "ಇನ್ನೊಮ್ಮೆ ಇಡಿಸುವ" ಎಂದರು, ನಂಬದೆ. ಮತ್ತೆ ಹಸಿರು. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದಳು. ಫೋನಿನ ನಂಬರನ್ನು ಅಣ್ಣನದ್ದರಿಂದ ಮಗಳದ್ದಕ್ಕೆ ಬದಲಿಸಿದೆವು, ಫೋಟೋ ತೆಗೆದೆವು, ಹೊಸ ಸಂಖ್ಯೆ ಹುಟ್ಟಿತು, ಪ್ರಿಂಟರು ಕಾರ್ಡನ್ನು ಬೆಚ್ಚಗೆ ಹೊರಹಾಕಿತು. ಅದನ್ನು ಆಕೆಯ ಕೈಗೆ ಕೊಟ್ಟ ಮೇಲೆಯೇ ಹಳೆಯದನ್ನು ಮುಚ್ಚುವ ಗುಂಡಿ ಒತ್ತಿದೆ. ಎಕ್ಸ್-ರೇ ಮತ್ತು ವೈದ್ಯರ ಪತ್ರವನ್ನು ಹೊಸ ಸಂಖ್ಯೆಗೆ ಸೇರಿಸಿ ಮತ್ತೊಮ್ಮೆ ಕಳುಹಿಸಿದೆ.

"ನಾಳೆ ತನಕ ಕಾಯುದು ಬೇಡ" ಎಂದೆ ಮಗಳಿಗೆ. "ಸೋಮವಾರ ಬರ್ತೇವೆ ಅಂತ ಆಸ್ಪತ್ರೆಗೆ ಈಗಲೇ ಹೇಳಿ."

ಉಳಿದವರನ್ನು ಪಂಚಾಯತಿಗೆ ಕರೆಸುವ ಯೋಚನೆಯನ್ನು ಅಲ್ಲಿಗೇ ಬಿಟ್ಟೆ. ಮರುದಿನ ಬ್ರಾಂಚಿಗೆ ಬೀಡಿ ಒಪ್ಪಿಸುವ ದಿನ. ಕೆಲಸ ನಮ್ಮದಾದರೂ ಜಾಗ ಅವರದ್ದೇ ಆಗಲಿ ಎಂದುಕೊಂಡೆ. ಅಣ್ಣ ಜಗಲಿಯಲ್ಲಿ ಮೇಜು ಹಾಕಿ, ಬಿಸಿಲು ಬೀಳದಂತೆ ಟಾರ್ಪಾಲು ಕಟ್ಟಿ ಕಾಯುತ್ತಿದ್ದರು. ಮುಖ ಮಾತ್ರ ಬಾಡಿತ್ತು. ಬೀಡಿಯ ಬುಟ್ಟಿ ಹಿಡಿದು ಬಂದ ಹೆಂಗಸರು ಒಬ್ಬೊಬ್ಬರಾಗಿ ವಿಷಯ ಕೇಳಿದರು.

"ಅಣ್ಣಾ, ನನ್ನದು ಏನೆಲ್ಲ ಮಾರಿದ್ದೀರಿ? ಕಣ್ಣುಂಟಾ, ಅದೂ ಹೋಯ್ತಾ?" ಎಂದು ಒಬ್ಬರು ಕೇಳಿದಾಗ ಜಗಲಿಯಿಡೀ ನಕ್ಕಿತು. ಅಣ್ಣನೂ ನಕ್ಕುಬಿಟ್ಟರು. ಆ ನಗುವಿನಲ್ಲಿ ಅವರನ್ನು ಕ್ಷಮಿಸಿದ್ದಾಯಿತು ಎಂದು ನನಗೆ ತಿಳಿಯಿತು.

ಅವರು ಎದ್ದು ನಿಂತು ತುಳುವಿನಲ್ಲಿ ಎಲ್ಲರಿಗೂ ಹೇಳಿದರು. ನಾನು ಅರ್ಧ ಗಂಟೆ ಹೇಳಿದ್ದನ್ನು ಅವರು ನಾಲ್ಕು ಮಾತಿನಲ್ಲಿ ಮುಗಿಸಿದರು: ನನ್ನ ನಂಬರಿನಿಂದ ನಿಮ್ಮ ಕಾರ್ಡು ಬಿಡಿಸಿಕೊಳ್ಳಿ, ಹೊಸದು ಕೈಗೆ ಬಂದ ಮೇಲೆ ಹಳೆಯದನ್ನು ಕೊಡಿ, ಇನ್ನು ಮೇಲೆ ಒಟಿಪಿ ಯಾರು ಕೇಳಿದರೂ ಹೇಳಬೇಡಿ, ನಾನು ಕೇಳಿದರೂ. ಹಿಂದಿನ ದಿನ ನನ್ನನ್ನು ಅನುಮಾನಿಸಿದ್ದ ಹೆಂಗಸು ಸಾಲಿನಲ್ಲಿ ಮೊದಲಿಗರಾಗಿ ನಿಂತಿದ್ದರು. ಕಿರುಬೆರಳು, ಹಸಿರು, ಕಾರ್ಡು. ಹಳೆಯದನ್ನು ನನಗೆ ಕೊಡದೆ, ಸೊಂಟದಲ್ಲಿದ್ದ ಎಲೆ ಕತ್ತರಿಸುವ ಕತ್ತರಿಯಿಂದ ತಾವೇ ನಾಲ್ಕು ತುಂಡು ಮಾಡಿ ಮೇಜಿನ ಮೇಲಿಟ್ಟರು.

"ಈಗ ತಕ್ಕೊಂಡು ಹೋಗಿ" ಎಂದರು.

ಆಮೇಲೆ ಎಲ್ಲರೂ ಹಾಗೆಯೇ ಮಾಡಿದರು.

ಸಾಲು ಅರ್ಧ ಮುಗಿದಿರಬೇಕು, ಅಣ್ಣನ ಫೋನು ಬಡಿದುಕೊಂಡಿತು. ನಂಬರು ನೋಡಿ ಅವರು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು, ಸ್ಪೀಕರು ಹಾಕಿದರು.

"ಅಣ್ಣಾ, ನಮಸ್ಕಾರ. ಆರೋಗ್ಯ ಕಾರ್ಡ್ ಆಫೀಸಿಂದ. ಒಂದು ನಂಬರ್ ಬಂದಿರುತ್ತಲ್ಲ, ಹೇಳಿಬಿಡಿ" ಎಂದಿತು ಸಲುಗೆಯ ದನಿ. ನಮ್ಮ ಕಡೆಯ ಕನ್ನಡವಲ್ಲ.

"ಬರ್ಲಿಲ್ಲ ಮಾರಾಯಾ" ಎಂದರು ಅಣ್ಣ, ಅತ್ಯಂತ ವಿನಯದಿಂದ. "ಇನ್ನು ನನಗೆ ಬರುದೇ ಇಲ್ಲ. ಕಾರ್ಡ್ ಆಫೀಸಿನ ಮೇಡಂ ಇಲ್ಲೇ ಕೂತಿದ್ದಾರೆ. ಕೊಡ್ಲಾ? ಅವರಿಗೆ ನಿನ್ನತ್ರ ಒಂದು ಮೊಣಕಾಲಿನ ವಿಷಯ ಮಾತಾಡ್ಲಿಕ್ಕುಂಟಂತೆ."

ಕರೆ ಕಡಿಯಿತು. ಜಗಲಿಯಲ್ಲಿ ಎದ್ದ ಬೊಬ್ಬೆಗೆ ರಸ್ತೆಯಲ್ಲಿ ಹೋಗುತ್ತಿದ್ದ ರಿಕ್ಷಾ ನಿಂತಿತು. ನಾನು ಆ ನಂಬರನ್ನು ಪೊಲೀಸರಿಗೆ ಕಳುಹಿಸಿದೆ. ಅವರು ಅದನ್ನು ಎಲ್ಲಿಯವರೆಗೆ ಹಿಂಬಾಲಿಸಿದರೋ ನನಗೆ ತಿಳಿಯದು. ಆ ಬಾಗಿಲು ಮುಚ್ಚಿದ್ದು ಮಾತ್ರ ಗೊತ್ತು. ಸಂಜೆಯಾಗುವಾಗ ಕಕ್ಕಿಂಜೆಯಲ್ಲಿ ಅಣ್ಣನ ನಂಬರಿಗೆ ಉಳಿದಿದ್ದದ್ದು ಅಣ್ಣನ ಮನೆಯ ಕಾರ್ಡು ಒಂದೇ.

ಸೋಮವಾರ ನಾನು ಮಂಗಳೂರಿಗೆ ಹೋಗಬೇಕಾಗಿರಲಿಲ್ಲ. ಹೋದೆ. ಆಸ್ಪತ್ರೆಯ ವಿಮೆ ಕೌಂಟರಿನವರು ಹೊಸ ಕಾರ್ಡನ್ನು ಯಂತ್ರಕ್ಕೆ ತೋರಿಸಿದರು. ದಾಖಲೆ ತೆರೆಯುವವರೆಗೆ ನಾನು ಅವರ ಮುಖವನ್ನೇ ನೋಡುತ್ತಿದ್ದೆ, ಪರದೆಯನ್ನಲ್ಲ.

"ಹಿಂದಿನ ಚಿಕಿತ್ಸೆ ಏನೂ ಇಲ್ಲ" ಎಂದು ಅವರು ಓದಿದರು. ರಕ್ತದ ಗುಂಪನ್ನು ಓದಿದರು; ಆಕೆಯದ್ದೇ. "ಮಿತಿ ಪೂರ್ತಿ ಉಂಟು. ಅನುಮತಿ ಬಂದಿದೆ. ಅಮ್ಮ, ಒಳಗೆ ಹೋಗುವ."

ಗಾಲಿ ಕುರ್ಚಿ ತಂದರು. ಆಕೆ ಕೂರುವ ಮೊದಲು ನನ್ನ ಹತ್ತಿರ ಬಂದರು. ನನ್ನ ಕೈಯನ್ನು ತೆಗೆದುಕೊಂಡು ಬೆರಳ ತುದಿಗಳನ್ನು ತಮ್ಮ ಹೆಬ್ಬೆರಳಿನಿಂದ ಒಮ್ಮೆ ಸವರಿ ನೋಡಿದರು.

"ನೀವೂ ಬೀಡಿ ಕಟ್ಟಿದವರಾ?"

"ಸ್ವಲ್ಪ ಸಮಯ" ಎಂದೆ.

"ಹಾಗೆ ಹೇಳಿ ಮತ್ತೆ" ಎಂದು ಕುರ್ಚಿಯಲ್ಲಿ ಕೂತರು.

ಆ ವಾರದ ಕೊನೆಯಲ್ಲಿ ನಮ್ಮ ಮೇಜು ಫರಂಗಿಪೇಟೆಯ ಬ್ರಾಂಚಿಗೆ ಬಂತು. ಹೆದ್ದಾರಿಯ ಲಾರಿಗಳ ಸದ್ದಿನಲ್ಲಿ ಕೂಗಿಯೇ ಮಾತಾಡಬೇಕು. ಹೆಂಗಸರು ಆಗಲೇ ಸೇರಿದ್ದರು, ಆದರೆ ಸಾಲು ಆಗಿರಲಿಲ್ಲ; ಗುಂಪಾಗಿ ಮೆಟ್ಟಿಲಿನ ಆಚೆ ನಿಂತು ನಮ್ಮನ್ನು ಅಳೆಯುತ್ತಿದ್ದರು. ಕೊನೆಗೆ ವಯಸ್ಸಾದ ಒಬ್ಬರು ಮುಂದೆ ಬಂದರು. ಹಳೆಯ ಕಾರ್ಡನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದಿದ್ದರು.

"ಕಕ್ಕಿಂಜೆಯಲ್ಲಿ ಒಬ್ಬಳದ್ದು ಹಾರ್ಟಿನ ಆಪರೇಶನ್ ಉಂಟು ಅಂತ ಕೇಳಿದೆವು. ಆಯಿತಾ ಅದು? ಈ ಹೊಸ ಕಾರ್ಡಿನಲ್ಲಿ?"

ಕಕ್ಕಿಂಜೆಯ ಆ ಮಗಳ ಫೋನು ನನಗೆ ಆ ದಿನ ಬೆಳಿಗ್ಗೆಯಷ್ಟೇ ಬಂದಿತ್ತು.

"ಆಯಿತು" ಎಂದೆ. "ವಾರ್ಡಿಗೆ ತಂದಿದ್ದಾರೆ. ಗಂಜಿ ಕೊಟ್ಟದ್ದಕ್ಕೆ ಉಪ್ಪಿನಕಾಯಿ ಇಲ್ವಾ ಅಂತ ಕೇಳಿದರಂತೆ."

ಅವರು ಹಿಂದಕ್ಕೆ ತಿರುಗಿ ಲಾರಿಯ ಸದ್ದಿಗಿಂತ ಜೋರಾಗಿ ತುಳುವಿನಲ್ಲಿ ಕೂಗಿದರು: "ಆಂಡ್‌ಗೆ!" ಆಯಿತಂತೆ. ಆ ಮಾತು ಗುಂಪಿನ ಕೊನೆಯವರೆಗೆ ಬಾಯಿಂದ ಬಾಯಿಗೆ ಹೋಯಿತು. ಗುಂಪು ಕರಗಿ ಸಾಲಾಯಿತು. ಮುದುಕಿ ತಮ್ಮ ಕಾರ್ಡನ್ನು ಎದೆಯಿಂದ ತೆಗೆದು ಮೇಜಿನ ಮೇಲೆ, ನನ್ನ ಮುಂದೆ ಇಟ್ಟರು. ಹೊಸದು ಇನ್ನೂ ಅಚ್ಚಾಗಿರಲಿಲ್ಲ.